ಮೈದಾನದ ದಾರಿ

1911ನೆಯ ಇಸವಿ ಜುಲೈ ತಿಂಗಳ 29ನೆಯ ದಿನ, ಶನಿವಾರ. ಅಂದು ಕಲ್ಕತ್ತ ನಗರದ ದಾರಿಗಳೆಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿದಂತಿದ್ದುವು. ಸುತ್ತಣ ಊರುಗಳಿಂದ ವಿಶೇಷ ರೈಲುಗಾಡಿಗಳು ಜನರನ್ನು ತುಂಬಿಕೊಂಡು ಬಂದುವು. ಹೂಗ್ಲಿ ನದಿಯ ಮೇಲೆ ಹೆಚ್ಚಿನ ಉಗಿದೋಣಿಗಳು ಸಂಚರಿಸಿದುವು. ಟ್ರಾಮುಗಳು ತುಂಬಿ ತುಳುಕಿದುವು. ಯಾವ ವಾಹನವೂ ದೊರೆಯದವರು ನಡೆದೇ ಬಂದರು. ಹೀಗೆ ಬಂದವರೆಲ್ಲ ಸೇರಿದ್ದು ನಗರದ ನಡುವೆ ಹಬ್ಬಿರುವ ‘ಮೈದಾನ’ವೆಂಬ ವಿಶಾಲವಾದ ಹುಲ್ಲುಬಯಲಿನಲ್ಲಿ. ಅಲ್ಲಿಯ ಕಲ್ಕತ್ತ ಫುಟ್‌ಬಾಲ್ ಕ್ಲಬ್ಬಿನ ಅಂಗಣದಲ್ಲಿ ಆ ಸಂಜೆ ಐ.ಎಫ್.ಎ. ಷೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆಯುವುದಿತ್ತು. ಒಂದು ಕಡೆ ಆಂಗ್ಲ ಸೈನಿಕರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ತಂಡ. ಇನ್ನೊಂದು ಕಡೆ ಬಂಗಾಳದ ತರುಣರ ಮೋಹನ್ ಬಗಾನ್ ತಂಡ. ಆ ತರುಣರ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವನು ಒಬ್ಬನೇ. ಉಳಿದ ಹತ್ತು ಮಂದಿಯದು ಬರಿಗಾಲು.

ಪಂದ್ಯವನ್ನು ನೋಡಲು ಬಂದವರ ಸಂಖ್ಯೆ ಅರವತ್ತು ಸಾವಿರಕ್ಕೆ ಕಡಿಮೆಯಿರಲಿಲ್ಲವೆಂದು ಅಂದಾಜು ಮಾಡಲಾಗಿದೆ. ಆದರೆ ಅವರಲ್ಲಿ ಚೆಂಡನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಮುಂದಿನ ಸಾಲುಗಳಲ್ಲಿ ಸ್ಥಳ ದೊರೆತವರಿಗೆ ಮಾತ್ರ ಆ ಭಾಗ್ಯ. ಕೆಲವರು ಮರಗಳನ್ನೇರಿದರು. ಹಿಂದೆ ನಿಂತವರಿಗೆ ಮುಂದಿನವರ ಬೆನ್ನೇ ಆಟ! ಇಂತಹವರಿಗಾಗಿ ಗಾಳಿಪಟಗಳನ್ನು ಹಾರಿಸಿ, ಯಾರು ಎಷ್ಟು ಗೋಲು ಹೊಡೆದರೆಂಬುದನ್ನು ಆಕಾಶದಲ್ಲಿಯೇ ತಿಳಿಸಲಾಯಿತಂತೆ. ಮೊದಲು ಗೋಲು ಹೊಡೆದದ್ದು ಆಂಗ್ಲ ತಂಡವೇ. ಅನಂತರ ಮೋಹನ್ ಬಗಾನಿನ ನಾಯಕ ಶಿವದಾಸ ಭಾದುರಿ ಅದನ್ನು ಸರಿಗಟ್ಟಿದನು. ಆಟ ಮುಗಿಯಲು ಸ್ವಲ್ಪ ಕಾಲವಷ್ಟೇ ಉಳಿದಿದ್ದಾಗ ಅಭಿಲಾಷ ಘೋಷ್ ಎರಡನೆಯ ಗೋಲು ಹೊಡೆದನು. ಭಾರತೀಯರ ತಂಡವೊಂದು ಆ ಷೀಲ್ಡನ್ನು ಗೆದ್ದುದು ಅದೇ ಮೊದಲು.

ಈ ಗೆಲುವಿನ ಕಥೆಯನ್ನು ಅನೇಕರು ಬರೆದಿದ್ದಾರೆ. ಪರದೇಶದ ಆಳರಸರನ್ನು ಆಟದಲ್ಲಾದರೂ ಸೋಲಿಸಬೇಕೆಂಬ ಹಂಬಲವೇ ಅಷ್ಟು ಜನರನ್ನು ಒಂದೆಡೆ ಕೂಡಿಸಿತೆಂದು ಅವರೆಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಹಂಬಲವೊಂದೇ ಇದ್ದರೆ ಸಾಲದು. ಹಂಬಲಕ್ಕೆ ಹಾದಿಯೂ ಬೇಕು. ಆ ಪಂದ್ಯ ನಗರದಿಂದ ಏಳೆಂಟು ಮೈಲಿ ದೂರದ ಒಂದು ಬಯಲಿನಲ್ಲಿ ಏರ್ಪಾಡಾಗಿದ್ದರೆ, ಬಾನುಲಿಯೂ ಇಲ್ಲದ, ಮೋಟಾರು ವಾಹನಗಳೂ ವಿರಳವಾಗಿದ್ದ ಆ ಕಾಲದಲ್ಲಿ ಅರವತ್ತು ಸಾವಿರ ಜನ ಒಂದು ಮಧ್ಯಾಹ್ನದಲ್ಲಿ ಅಲ್ಲಿಗೆ ತಲಪುವುದು ಸಾಧ್ಯವಿತ್ತೇ? ಆಟವು ಒಂದು ಗಂಟೆಯದೋ ಒಂದೂವರೆ ಗಂಟೆಯದೋ ಆಗಿರಬಹುದು. ಅದನ್ನು ನೋಡಹೋಗುವವನ ದಿನವಾದರೋ ಮನೆಯ ಹೊಸ್ತಿಲನ್ನು ದಾಟಿದಾಗ ಆರಂಭವಾಗಿ, ಮತ್ತೆ ಅದೇ ಹೊಸ್ತಿಲನ್ನು ತುಳಿದಾಗ ಮುಗಿಯುತ್ತದೆ. ಕ್ರೀಡಾಂಗಣ ಎಲ್ಲಿದೆ ಎಂಬುದನ್ನು ಅನುಸರಿಸಿ ಆ ದಿನದ ಸುಖದುಃಖಗಳು ಬದಲಾಗುತ್ತವೆ. ಬರುವ ಜನರೂ ಬದಲಾಗುತ್ತಾರೆ. ಕಲ್ಕತ್ತದ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಈ ಮಾತಿಗೆ ದೊರೆಯುವಷ್ಟು ನಿದರ್ಶನ ಭಾರತದ ಬೇರೆ ನಗರಗಳಲ್ಲಿ ದೊರೆಯುವುದು ಕಷ್ಟ.

ಮೈದಾನವು ಆಟಕ್ಕಾಗಿ ಮಾಡಿದ ಸ್ಥಳವಲ್ಲ. ಯುದ್ಧಕ್ಕಾಗಿ ಮಾಡಿದ ಸ್ಥಳ. 1757ರ ಪ್ಲಾಸಿ ಕದನದ ಅನಂತರ ಈಸ್ಟ್ ಇಂಡಿಯಾ ಕಂಪನಿಯವರು ಹೂಗ್ಲಿ ನದಿಯ ದಂಡೆಯಲ್ಲಿ ಹೊಸ ಫೋರ್ಟ್ ವಿಲಿಯಂ ಕೋಟೆಯನ್ನು ಕಟ್ಟತೊಡಗಿದರು. ಕೋಟೆಯ ಫಿರಂಗಿಗಳಿಗೆ ಅಡ್ಡಿಯಾಗಬಾರದೆಂದು ಸುತ್ತಲಿನ ಕಾಡನ್ನು ಕಡಿಸಿ ಬಯಲು ಮಾಡಿಸಿದರು. ಆ ಬಯಲೇ ಮೈದಾನ. ಫಿರಂಗಿಗಳು ಅಲ್ಲಿ ಗುಂಡು ಹಾರಿಸುವ ಪ್ರಸಂಗ ಬರಲೇ ಇಲ್ಲ. ನಗರವು ಮಾತ್ರ ಬಯಲಿನ ಅಂಚಿನವರೆಗೆ ಬೆಳೆದು ನಿಂತಿತು. ಉತ್ತರಕ್ಕೆ ಸರ್ಕಾರಿ ಕಚೇರಿಗಳ ಡಾಲ್‌ಹೌಸಿ ಚೌಕ. ಅದರ ಪಕ್ಕದಲ್ಲಿಯೇ ಟ್ರಾಮು ಮಾರ್ಗಗಳೆಲ್ಲ ಕೂಡುವ ಎಸ್‌ಪ್ಲನೇಡ್. ಪಶ್ಚಿಮಕ್ಕೆ ನದಿ, ನದಿಯ ಘಟ್ಟಗಳು. ಆಚೆ ದಡದಲ್ಲಿ ಹೌರಾ ರೈಲು ನಿಲ್ದಾಣ. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಸಿಯಾಲ್ದಾ ನಿಲ್ದಾಣ. ನಗರದ ಯಾವ ಮೂಲೆಯಿಂದ ಹೊರಟರೂ, ನಗರದ ಹೊರಗಣ ಯಾವ ಹಳ್ಳಿಯಿಂದ ಬಂದರೂ ಕೊನೆಗೆ ಈ ಬಯಲಿನ ಬಳಿಗೇ ಬಂದು ಸೇರಬೇಕು. ಬಲ್ಲ ಇಂಜಿನಿಯರುಗಳು ಕುಳಿತು ಯೋಚಿಸಿದ್ದರೂ ಆಟದ ಬಯಲಿಗೆ ಇದಕ್ಕಿಂತ ಒಳ್ಳೆಯ ಸ್ಥಳವನ್ನು ಆರಿಸಲಾಗುತ್ತಿರಲಿಲ್ಲ.

ಕಲ್ಕತ್ತ ಫುಟ್‌ಬಾಲ್ ಲೀಗ್ ಆರಂಭವಾದುದು 1898ರಲ್ಲಿ. ಅದು ಮಳೆಗಾಲದ ಆಟ. ಕಚೇರಿಯ ಗುಮಾಸ್ತನು ಸಂಜೆ ಲೇಖನಿಯನ್ನು ಕೆಳಗಿಟ್ಟು, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಡಾಲ್‌ಹೌಸಿ ಚೌಕದಿಂದ ನಡೆದು ಹೊರಟರೆ ಕಾಲುಗಂಟೆಯಲ್ಲಿ ಆಟದ ಬೇಲಿಯ ಬಳಿ ಇರುತ್ತಿದ್ದನು. ಅವನು ಆಟಕ್ಕಾಗಿ ರಜೆ ಕೇಳಬೇಕಾಗಿರಲಿಲ್ಲ, ಗಾಡಿಗೆ ಕಾಸು ಕೊಡಬೇಕಾಗಿರಲಿಲ್ಲ. ಹೂಗ್ಲಿಯ ಎರಡೂ ದಡಗಳಲ್ಲಿ ಸೆಣಬಿನ ಗಿರಣಿಗಳಿದ್ದುವು. ಅಲ್ಲಿಯ ಕಾರ್ಮಿಕರು ದೋಣಿಯಲ್ಲಿ ನದಿ ದಾಟಿ ಬರಬಹುದಿತ್ತು. ಕಾಲೇಜಿನ ಹುಡುಗರು ಟ್ರಾಮಿನ ಎರಡನೆಯ ದರ್ಜೆಯಲ್ಲಿ ಬರುತ್ತಿದ್ದರು. ದಾರಿಯುದ್ದಕ್ಕೂ ಹುರಿದ ಕಡಲೆಕಾಯಿಯವನು, ಕನ್ನಡನಾಡಿನ ಚುರುಮುರಿಗೆ ಸೋದರನಂತಿರುವ ಝಾಲ್‌ಮುಡಿಯವನು, ಬಾವುಟ ಮಾರುವವನು. ಟಿಕೇಟು ದೊರೆಯದವನಿಗೂ ಅಲ್ಲಿ ನಿರಾಸೆಯಿರಲಿಲ್ಲ. ಸಮೀಪದ ಮಣ್ಣಿನ ದಿಬ್ಬದ ಮೇಲೆ ನಿಂತರೆ ಆಟದ ಒಂದು ಭಾಗ ಬಿಟ್ಟಿಯಾಗಿ ಕಾಣುತ್ತಿತ್ತು. ರಟ್ಟಿನ ಕೊಳವೆಯಲ್ಲಿ ಎರಡು ಕನ್ನಡಿಚೂರುಗಳನ್ನು ಓರೆಯಾಗಿ ಕೂಡಿಸಿದ ಪೆರಿಸ್ಕೋಪುಗಳ ಮೂಲಕ, ಮುಂದಿನವರ ತಲೆಗಳ ಮೇಲಿಂದ ಆಟವನ್ನು ನೋಡುವ ಜಾಣರೂ ಇದ್ದರು. ವಿಜ್ಞಾನದ ಪಾಠದಲ್ಲಿ ಬೆಳಕಿನ ಪ್ರತಿಫಲನವನ್ನು ಓದಿದವರು ಅದರ ಇಷ್ಟು ರಸವತ್ತಾದ ಉಪಯೋಗವನ್ನು ಬೇರೆಲ್ಲಿಯೂ ಕಾಣಲಾರರು.

ಈ ಬಯಲಿನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ಕ್ಲಬ್ಬುಗಳ ಅಂಗಣಗಳು ಒಂದಕ್ಕೊಂದು ನೆರೆಹೊರೆಯಂತೆ ಇವೆ. ಮೋಹನ್ ಬಗಾನ್ 1889ರಲ್ಲಿಯೂ ಮೊಹಮ್ಮಡನ್ ಸ್ಪೋರ್ಟಿಂಗ್ 1891ರಲ್ಲಿಯೂ ಈಸ್ಟ್ ಬೆಂಗಾಲ್ 1920ರಲ್ಲಿಯೂ ಸ್ಥಾಪಿತವಾದುವು. 1947ರಲ್ಲಿ ದೇಶ ಇಬ್ಭಾಗವಾದಾಗ ಪೂರ್ವಬಂಗಾಳದಲ್ಲಿ ಮನೆಮಠಗಳನ್ನು ಕಳೆದುಕೊಂಡು ಬಂದ ಲಕ್ಷಾಂತರ ಜನರಿಗೆ ಈಸ್ಟ್ ಬೆಂಗಾಲ್ ಎಂಬ ಹೆಸರೇ ಒಂದು ತವರಾಯಿತು. ಆ ತಂಡ ಗೆದ್ದ ದಿನ ಮಾರುಕಟ್ಟೆಯಲ್ಲಿ ಹಿಲ್ಸಾ ಮೀನಿಗೆ ಬೇಡಿಕೆ. ಮೋಹನ್ ಬಗಾನ್ ಗೆದ್ದ ದಿನ ಸಿಗಡಿಗೆ. ಕನ್ನಡನಾಡಿಗೂ ಈ ಬಯಲಿಗೂ ಹಳೆಯ ನಂಟುಂಟು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಈಸ್ಟ್ ಬೆಂಗಾಲಿನ ಐವರು ಮುನ್ನಡೆ ಆಟಗಾರರನ್ನು ಜನರು ‘ಪಂಚಪಾಂಡವರು’ ಎಂದು ಕರೆಯುತ್ತಿದ್ದರು. ಅವರಲ್ಲಿ ಒಬ್ಬರಾದ ಅಹಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತಕ್ಕಾಗಿ ಆಡಿದವರು. ಅವರ ಕಾಲ್ಚಳಕವನ್ನು ನೋಡಲು ನಿರಾಶ್ರಿತರ ವಸತಿಗಳಿಂದ ಬರುತ್ತಿದ್ದವನ ಜೇಬಿನಲ್ಲಿ ಟಿಕೇಟಿನ ಹಣವಷ್ಟೇ ಇದ್ದಿರಬಹುದು. ಹಿಂದಿರುಗುವಾಗ ನಡೆದೇ ಹೋದರಾಯಿತೆಂಬ ಧೈರ್ಯವನ್ನು ಅವನಿಗೆ ಕೊಟ್ಟದ್ದು ಮೈದಾನವು ಇದ್ದ ಸ್ಥಳವೇ.

ಸ್ಥಳದ ಮಹಿಮೆ ಕಲ್ಕತ್ತಕ್ಕೆ ಮಾತ್ರ ಸೀಮಿತವಾದುದಲ್ಲ. ಕಾಲ್ಚೆಂಡಾಟದ ತವರಾದ ಇಂಗ್ಲೆಂಡಿನಲ್ಲಿ ಒಂದು ಕ್ಲಬ್ಬು ಸ್ಥಳವನ್ನು ಬದಲಿಸಿಯೇ ಬದುಕಿಕೊಂಡಿತು. 1886ರಲ್ಲಿ ಲಂಡನ್ನಿನ ಆಗ್ನೇಯ ಅಂಚಿನ ವುಲಿಚ್‌ನಲ್ಲಿ, ಸರ್ಕಾರಿ ಶಸ್ತ್ರಾಗಾರದ ಕಾರ್ಮಿಕರು ಒಂದು ತಂಡವನ್ನು ಕಟ್ಟಿದರು. ಆಂಗ್ಲ ಭಾಷೆಯಲ್ಲಿ ಶಸ್ತ್ರಾಗಾರಕ್ಕೆ ಆರ್ಸೆನಲ್ ಎಂದು ಹೆಸರು. ಅದೇ ತಂಡದ ಹೆಸರೂ ಆಯಿತು. ಅವರ ಅಂಗಣಕ್ಕೆ ಲಂಡನ್ನಿನ ನಡುವಣಿಂದ ಬರುವುದು ತ್ರಾಸದಾಯಕವಾಗಿತ್ತು. ಪ್ರೇಕ್ಷಕರು ಕಡಿಮೆಯಾಗಿ, 1910ರ ವೇಳೆಗೆ ಕ್ಲಬ್ಬು ದಿವಾಳಿಯ ಅಂಚಿಗೆ ಬಂದಿತು. ಆಗ ಅದನ್ನು ವಹಿಸಿಕೊಂಡ ಹೆನ್ರಿ ನಾರಿಸ್ ಎಂಬುವನು 1913ರಲ್ಲಿ ಇಡೀ ತಂಡವನ್ನು ಥೇಮ್ಸ್ ನದಿಯ ಆಚೆಗೆ, ನಗರದ ಉತ್ತರಭಾಗದ ಹೈಬರಿಗೆ ಕರೆದೊಯ್ದನು. ಹೈಬರಿಯ ವಿಶೇಷವೇನು? ಅಲ್ಲಿ ಅಂಗಣದ ಮಗ್ಗುಲಿನಲ್ಲಿಯೇ 1906ರಲ್ಲಿ ತೆರೆದ ಒಂದು ನೆಲದಡಿಯ ರೈಲು ನಿಲ್ದಾಣವಿತ್ತು. ನೆರೆಯ ಕ್ಲಬ್ಬುಗಳು ಆಕ್ಷೇಪಿಸಿದುವು. ತಮ್ಮ ಬೀದಿಗಳಲ್ಲಿ ಗದ್ದಲವಾಗುವುದೆಂದು ನಿವಾಸಿಗಳೂ ಆಕ್ಷೇಪಿಸಿದರು. ಆದರೆ ಜನರು ರೈಲಿನಿಂದ ಇಳಿದು ನೇರವಾಗಿ ಅಂಗಣಕ್ಕೆ ಬರತೊಡಗಿದರು. ಪ್ರೇಕ್ಷಕರ ಸಂಖ್ಯೆ ಬಹಳವಾಗಿ ಹೆಚ್ಚಿತು. 1932ರಲ್ಲಿ ಆ ನಿಲ್ದಾಣಕ್ಕೆ ಆರ್ಸೆನಲ್ ಎಂದೇ ಹೊಸ ಹೆಸರನ್ನಿಟ್ಟರು. 2006ರಲ್ಲಿ ಕ್ಲಬ್ಬು ಅರವತ್ತು ಸಾವಿರ ಆಸನಗಳ ಹೊಸ ಕ್ರೀಡಾಂಗಣವನ್ನು ಕಟ್ಟಿಸಿದಾಗಲೂ ಹಳೆಯದರಿಂದ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಲಿಲ್ಲ. ಈ ಕಥೆಯನ್ನು ಜಾಣತನದ ಕಥೆಯೆಂದು ಹೇಳುವುದು ವಾಡಿಕೆ. ತಂಡವನ್ನು ತಮ್ಮ ಕೈಯಾರೆ ಕಟ್ಟಿದ್ದ ವುಲಿಚ್‌ನ ಕಾರ್ಮಿಕರ ಕಡೆಯಿಂದ ನೋಡಿದರೆ ಅದು ಬೇರೆಯೇ ಕಥೆ. ಒಂದು ದಿನ ಇದ್ದಕ್ಕಿದ್ದಂತೆ ಅವರ ತಂಡ ನದಿಯಾಚೆಗೆ ಹೊರಟುಹೋಗಿತ್ತು.

ಕಲ್ಕತ್ತದ ಮೈದಾನಕ್ಕೂ ಒಂದು ದೊಡ್ಡ ಕೊರತೆಯುಂಟು. ಆ ನೆಲ ಸೈನ್ಯಕ್ಕೆ ಸೇರಿದ್ದು. ಅದರ ಅನುಮತಿಯಿಲ್ಲದೆ ಅಲ್ಲಿ ಶಾಶ್ವತವಾದ ಕಟ್ಟಡಗಳನ್ನು ಕಟ್ಟುವಂತಿಲ್ಲ. ಕ್ಲಬ್ಬುಗಳ ಕಚೇರಿಗಳಿಗೆ ಇಂದಿಗೂ ‘ಟೆಂಟು’ ಎಂದೇ ಹೆಸರು. ಗ್ಯಾಲರಿಗಳು ಬಹುಕಾಲ ಮರದ ಹಲಗೆಗಳವು. ಎರಡು ದೊಡ್ಡ ತಂಡಗಳು ಎದುರಾದಾಗ ಬರುವ ಜನಸಾಗರವನ್ನು ಅವು ಹಿಡಿಸಲಾರವು. ಆದುದರಿಂದ ಅಂತಹ ಪಂದ್ಯಗಳನ್ನು ಮೈದಾನದ ಉತ್ತರದ ಅಂಚಿನಲ್ಲಿರುವ ಈಡನ್ ಗಾರ್ಡನ್ಸ್ ಎಂಬ ಕ್ರಿಕೆಟ್ ಕ್ರೀಡಾಂಗಣದಲ್ಲಿ ನಡೆಸತೊಡಗಿದರು. 1980ರ ಆಗಸ್ಟ್ 16ರಂದು, ಅದೂ ಒಂದು ಶನಿವಾರವೇ, ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಲೀಗ್ ಪಂದ್ಯ ಅಲ್ಲಿ ನಡೆಯಿತು. ಎರಡೂ ಪಕ್ಷಗಳ ಅಭಿಮಾನಿಗಳು ಒಂದೇ ಗ್ಯಾಲರಿಯಲ್ಲಿ ಬೆರೆತು ಕುಳಿತಿದ್ದರು. ಅಂಗಣದಲ್ಲಿ ಆಟಗಾರರ ನಡುವೆ ಉಂಟಾದ ಜಗಳ ಗ್ಯಾಲರಿಗೂ ಹಬ್ಬಿತು. ಹೊಡೆದಾಟಕ್ಕೆ ಹೆದರಿ ಜನರು ಹೊರಬಾಗಿಲುಗಳ ಕಡೆಗೆ ಓಡಿದರು. ಆ ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಅಸುನೀಗಿದರು. ಆಟ ನೋಡಲು ಹೋದ ಹದಿನಾರು ಮಂದಿ ಆ ರಾತ್ರಿ ತಮ್ಮ ಮನೆಗಳಿಗೆ ಹಿಂದಿರುಗಲಿಲ್ಲ. ಅವರ ನೆನಪಿಗಾಗಿ ಪ್ರತಿವರ್ಷ ಆಗಸ್ಟ್ 16ರಂದು ಬಂಗಾಳದಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವನ್ನು ಆಚರಿಸುತ್ತಾರೆ. ಅಂದು ರಕ್ತದಾನದ ಶಿಬಿರಗಳು ನಡೆಯುತ್ತವೆ.

ಕಾಲ್ಚೆಂಡಾಟಕ್ಕೆಂದೇ ದೊಡ್ಡದೊಂದು ಕ್ರೀಡಾಂಗಣ ಬೇಕೆಂಬುದನ್ನು ಇನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಆದರೆ ಅದನ್ನು ಎಲ್ಲಿ ಕಟ್ಟುವುದು? ಹಳೆಯ ನಗರದಲ್ಲಿ ಅಷ್ಟು ನೆಲವಿರಲಿಲ್ಲ. ನಗರದ ಪೂರ್ವಕ್ಕೆ ಉಪ್ಪುನೀರಿನ ಜವುಗುಪ್ರದೇಶವಿತ್ತು. 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ತಂದು ಅಲ್ಲಿಗೆ ತುಂಬಿಸಿ, ಸಾಲ್ಟ್ ಲೇಕ್ ಎಂಬ ಹೊಸ ಬಡಾವಣೆಯನ್ನು ನಿರ್ಮಿಸಲಾಗಿತ್ತು. ಅಲ್ಲಿ ಮೂರು ಅಂತಸ್ತುಗಳ, ಒಂದು ಲಕ್ಷ ಇಪ್ಪತ್ತು ಸಾವಿರ ಜನರು ಕೂಡಬಲ್ಲ ಮಹಾ ಕ್ರೀಡಾಂಗಣವೊಂದು ಎದ್ದುನಿಂತಿತು. 1984ರ ಜನವರಿಯಲ್ಲಿ ನೆಹರು ಕಪ್ ಪಂದ್ಯಾವಳಿಯೊಡನೆ ಅದರ ಬಳಕೆ ಆರಂಭವಾಯಿತು. ವಿವೇಕಾನಂದ ಯುವಭಾರತಿ ಕ್ರೀಡಾಂಗಣವೆಂದು ಅದರ ಹೆಸರು. ಅಗಲವಾದ ಇಳಿಜಾರು ದಾರಿಗಳು, ಅನೇಕ ಬಾಗಿಲುಗಳು, ಎರಡು ಪಕ್ಷದವರನ್ನು ಬೇರೆ ಬೇರೆ ಕೂಡಿಸಲು ಬೇಕಾದಷ್ಟು ಸ್ಥಳ, ಇವೆಲ್ಲವೂ ಅಲ್ಲಿದ್ದುವು. ಹದಿನಾರು ಮಂದಿಯನ್ನು ಕಳೆದುಕೊಂಡ ನಗರಕ್ಕೆ ಇದು ಸಣ್ಣ ಸಮಾಧಾನವಲ್ಲ.

ಆದರೆ ದಾರಿ ಬದಲಾಗಿತ್ತು. ಎಸ್‌ಪ್ಲನೇಡಿನಿಂದ ಹೊಸ ಕ್ರೀಡಾಂಗಣಕ್ಕೆ ಸುಮಾರು ಏಳೆಂಟು ಕಿಲೋಮೀಟರು. ಅಲ್ಲಿಗೆ ಟ್ರಾಮಿಲ್ಲ; ಹತ್ತಿರದಲ್ಲಿ ನದಿಯ ಘಟ್ಟವಿಲ್ಲ. ಸುತ್ತಲೂ ಅಗಲವಾದ, ಅಚ್ಚುಕಟ್ಟಾದ, ಸದ್ದಿಲ್ಲದ ಬೀದಿಗಳು. ಮೈದಾನಕ್ಕೆ ಮನುಷ್ಯನು ಒಬ್ಬಂಟಿಗನಾಗಿ ನಡೆದುಬಂದು, ಅಲ್ಲಿ ಗುಂಪಿನೊಡನೆ ಸೇರುತ್ತಿದ್ದನು. ಸಾಲ್ಟ್ ಲೇಕಿಗೆ ಬರಬೇಕಾದರೆ ಮೊದಲು ಗುಂಪು ಕಟ್ಟಿಕೊಳ್ಳಬೇಕು. ಕೇರಿಯ ಹುಡುಗರೆಲ್ಲ ಹಣ ಕೂಡಿಸಿ ಲಾರಿಯೊಂದನ್ನು ಗೊತ್ತುಮಾಡಿ, ಹಸಿರು ಮತ್ತು ಕಂದುಗೆಂಪಿನ ಬಾವುಟಗಳನ್ನೋ, ಕೆಂಪು ಮತ್ತು ಹೊಂಬಣ್ಣದ ಬಾವುಟಗಳನ್ನೋ ಕಟ್ಟಿ, ಕೂಗುತ್ತ ಹಾಡುತ್ತ ಬರುವ ಪದ್ಧತಿ ಬೆಳೆಯಿತು. ಇದರಲ್ಲಿಯೂ ಒಂದು ಸೊಗಸಿದೆ. ಊರಿನಿಂದ ಊರಿಗೆ ಜಾತ್ರೆಗೆ ಹೊರಟ ಎತ್ತಿನಗಾಡಿಗಳ ಸಾಲನ್ನು ಕಂಡವರಿಗೆ ಅದು ಅಪರಿಚಿತವಲ್ಲ. 1997ರ ಜುಲೈ 13ರ ಭಾನುವಾರ ಫೆಡರೇಷನ್ ಕಪ್ಪಿನ ಉಪಾಂತ್ಯದಲ್ಲಿ ಇದೇ ಎರಡು ತಂಡಗಳು ಎದುರಾದುವು. ಅಂದು ಸೇರಿದವರ ಸಂಖ್ಯೆ 1,31,781 ಎಂದು ದಾಖಲಾಗಿದೆ. ಎಂದರೆ ಕ್ರೀಡಾಂಗಣಕ್ಕೆ ನಿಗದಿಯಾಗಿದ್ದ ಮಿತಿಗಿಂತಲೂ ಹೆಚ್ಚು. ಬೈಚುಂಗ್ ಭುಟಿಯಾ ಮೂರು ಗೋಲುಗಳನ್ನು ಹೊಡೆದರು. ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಭಾರತದಲ್ಲಿ ಕಾಲ್ಚೆಂಡಾಟವೊಂದಕ್ಕೆ ಅಷ್ಟು ಜನ ಕೂಡಿದ್ದು ಅಪೂರ್ವ.

ಆ ಒಂದು ದಿನವನ್ನು ನೋಡಿ, ದೂರವು ಲೆಕ್ಕಕ್ಕಿಲ್ಲವೆಂದು ಹೇಳಬಹುದೇ? ಹೇಳಲಾಗದು. ವರ್ಷಕ್ಕೊಮ್ಮೆ ಬರುವ ರಥೋತ್ಸವಕ್ಕೆ ಜನರು ಎಷ್ಟು ದೂರದಿಂದಲಾದರೂ ಬರುತ್ತಾರೆ. ದಿನನಿತ್ಯದ ಪೂಜೆಗೆ ಬರುವವರು ಗುಡಿಯ ಸುತ್ತಮುತ್ತಲಿನವರು. ಕ್ರೀಡಾಂಗಣದ ಸ್ಥಳವನ್ನು ಪರೀಕ್ಷಿಸಬೇಕಾದದ್ದು ದೊಡ್ಡ ಪಂದ್ಯದಲ್ಲಲ್ಲ. ವಾರದ ನಡುವಣ ಯಾವುದೋ ಸಾಮಾನ್ಯ ಪಂದ್ಯದಲ್ಲಿ. ಮೈದಾನದ ಕ್ಲಬ್ಬಿನ ಅಂಗಣದಲ್ಲಿ ಹದಿನೈದು ಸಾವಿರ ಜನ ಸೇರಿದರೆ ಅದು ಕಿಕ್ಕಿರಿದಂತೆ ಕಾಣುತ್ತದೆ. ಕೂಗು ಹುಲ್ಲಿನ ಮೇಲಿರುವ ಆಟಗಾರನ ಕಿವಿಗೆ ತಾಗುತ್ತದೆ. ಅದೇ ಹದಿನೈದು ಸಾವಿರ ಜನ ಒಂದು ಲಕ್ಷ ಇಪ್ಪತ್ತು ಸಾವಿರದ ಕ್ರೀಡಾಂಗಣದಲ್ಲಿ ಎಂಟರಲ್ಲಿ ಒಂದು ಪಾಲು ಮಾತ್ರ. ಏಳು ಪಾಲು ಬರಿಯ ಸಿಮೆಂಟು. ನಡುವೆ ಓಟದ ಪಥವೂ ಇರುವುದರಿಂದ ಆಟವು ಪ್ರೇಕ್ಷಕನಿಂದ ಇನ್ನಷ್ಟು ದೂರ. ಪಂದ್ಯ ಮುಗಿದಾಗ ಕತ್ತಲೆ, ಬಸ್ಸುಗಳು ಕಡಿಮೆ, ಬಂದ ಬಸ್ಸುಗಳಲ್ಲಿ ಬಲಿಷ್ಠರಿಗೆ ಮಾತ್ರ ಸ್ಥಳ. ಹೀಗಿರುವಾಗ ಮೊದಲು ಬರುವುದನ್ನು ನಿಲ್ಲಿಸುವವರು ಯಾರು? ವಯಸ್ಸಾದವರು, ಮಗನ ಕೈಹಿಡಿದು ಬರುವ ತಂದೆ, ಹೆಂಗಸರು, ಮರುದಿನ ನಸುಕಿನಲ್ಲಿ ಕೆಲಸಕ್ಕೆ ಹೋಗಬೇಕಾದವರು. ಉಳಿಯುವವರು ಲಾರಿಯ ಮೇಲೆ ನಿಂತು ಬರಬಲ್ಲ ತರುಣರು. ತರುಣರ ಉತ್ಸಾಹ ಒಳ್ಳೆಯದೇ. ಆದರೆ ಅಜ್ಜನೂ ಮೊಮ್ಮಗನೂ ಒಟ್ಟಿಗೆ ಕುಳಿತು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದ ಗ್ಯಾಲರಿ ಬೇರೆ, ಇದು ಬೇರೆ.

ಎಲ್ಲ ದೋಷವನ್ನೂ ಸ್ಥಳದ ಮೇಲೆ ಹೊರಿಸುವುದೂ ಸರಿಯಲ್ಲ. ಇಟಲಿಯ ಟ್ಯೂರಿನ್ ನಗರದ ಅನುಭವ ಇದನ್ನು ತೋರಿಸುತ್ತದೆ. 1990ರ ವಿಶ್ವಕಪ್ಪಿಗಾಗಿ ಆ ನಗರದ ಹೊರವಲಯದಲ್ಲಿ ಡೆಲ್ಲೆ ಆಲ್ಪಿ ಎಂಬ ಭಾರಿ ಕ್ರೀಡಾಂಗಣವನ್ನು ಕಟ್ಟಿದರು. ಇಟಲಿಯ ಅತಿ ಹೆಸರಾಂತ ತಂಡಗಳಲ್ಲಿ ಒಂದಾದ ಯುವೆಂಟಸ್ ಅಲ್ಲಿ ಆಡುತ್ತಿತ್ತು. ಊರಿನಿಂದ ದೂರ, ಓಟದ ಪಥದಿಂದಾಗಿ ಆಟವೂ ದೂರ. 2001-02ರ ಋತುವಿನಲ್ಲಿ ಇಟಾಲಿಯನ್ ಕಪ್ಪಿನ ಒಂದು ಪಂದ್ಯವನ್ನು ಅಲ್ಲಿ ನೋಡಿದವರು ಕೇವಲ 237 ಮಂದಿ! ಕೊನೆಗೆ ಆ ಕಟ್ಟಡವನ್ನು ಕೆಡವಿ, ಅದೇ ನೆಲದ ಮೇಲೆ ಸುಮಾರು ನಲವತ್ತೊಂದು ಸಾವಿರ ಜನರಿಗೆ ಸಾಕಾಗುವ, ಓಟದ ಪಥವಿಲ್ಲದ ಸಣ್ಣ ಕ್ರೀಡಾಂಗಣವನ್ನು 2011ರಲ್ಲಿ ತೆರೆದರು. ಅದು ತುಂಬತೊಡಗಿತು. ನೆಲ ಅದೇ, ಊರಿನಿಂದ ದೂರವೂ ಅಷ್ಟೇ. ಬದಲಾದದ್ದು ಪ್ರೇಕ್ಷಕನಿಗೂ ಚೆಂಡಿಗೂ ನಡುವಣ ಅಂತರ. ಮೈಲಿಗಳನ್ನು ದಾಟಿ ಬಂದವನಿಗೆ ಕೊನೆಯ ಐವತ್ತು ಗಜವನ್ನು ಕಣ್ಣಿನಿಂದ ದಾಟುವುದೇ ಕಷ್ಟವಾಗಿದ್ದಿತೆಂದು ತೋರುತ್ತದೆ.

ಬೆಂಗಳೂರಿನಲ್ಲಿ ಇದಕ್ಕೆ ತಿರುವುಮುರುವಾದ ಸ್ಥಿತಿಯನ್ನು ಕಾಣಬಹುದು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಫುಟ್‌ಬಾಲ್ ಕ್ಲಬ್ ತನ್ನ ಮೊದಲ ಋತುವನ್ನು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಆ ವರ್ಷವೇ ಐ-ಲೀಗನ್ನು ಗೆದ್ದಿತು. 2014ರಲ್ಲಿ ಅದು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದಿತು. ಇಲ್ಲಿಯೂ ಓಟದ ಪಥ ಅಡ್ಡವಿದೆ. ಆದರೆ ಕಂಠೀರವವು ನಗರದ ನಡುವೆ, ಕಬ್ಬನ್ ಉದ್ಯಾನದ ಮಗ್ಗುಲಲ್ಲಿದೆ. ಕಚೇರಿ ಬಿಟ್ಟವರು ನಡೆದು ಬರಬಹುದು. 2016ರಲ್ಲಿ ಮೆಟ್ರೋ ರೈಲು ಕಬ್ಬನ್ ಉದ್ಯಾನದವರೆಗೆ ಬಂದ ಮೇಲೆ ದೂರದ ಬಡಾವಣೆಗಳವರಿಗೂ ದಾರಿ ಸುಗಮವಾಯಿತು. ಪಶ್ಚಿಮದ ಗ್ಯಾಲರಿಯಲ್ಲಿ ಆಟದುದ್ದಕ್ಕೂ ನಿಂತೇ ಹಾಡುವ ಅಭಿಮಾನಿಗಳ ಗುಂಪೊಂದು ಅಲ್ಲಿ ಬೆಳೆದುದಕ್ಕೆ ತಂಡದ ಗೆಲುವುಗಳಂತೆ ಈ ಸಾಮೀಪ್ಯವೂ ಕಾರಣ.

ಆದರೂ ಸಾಮೀಪ್ಯವೊಂದೇ ಕ್ಷೇಮವನ್ನು ತರುವುದಿಲ್ಲ. ಅದೇ ಉದ್ಯಾನದ ಇನ್ನೊಂದು ಅಂಚಿನಲ್ಲಿ ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣವಿದೆ. 2025ರ ಜೂನ್ 4ರಂದು ಬೆಂಗಳೂರಿನ ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆಂದು ಅಲ್ಲಿ ಜನಸಾಗರ ಸೇರಿತು. ಬಾಗಿಲುಗಳ ಬಳಿಯ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಮಂದಿ ತರುಣರು. ಒಬ್ಬ ಬಾಲಕಿಯೂ ಇದ್ದಳು. ಆಟ ಬೇರೆ, ಊರು ಬೇರೆ, ಕಾಲ ಬೇರೆ; ಆದರೆ 1980ರ ಕಲ್ಕತ್ತವನ್ನು ಬಲ್ಲವರಿಗೆ ಆ ಸುದ್ದಿ ಹೊಸದೆನಿಸಿರಲಾರದು. ಎಲ್ಲ ದಾರಿಗಳೂ ಬಂದು ಕೂಡುವ ಸ್ಥಳದಲ್ಲಿ ಜನರು ಬೇಗ ಬಂದು ಸೇರುತ್ತಾರೆ. ಅಷ್ಟೇ ಬೇಗ ಅವರನ್ನು ಒಳಗೆ ಬಿಡುವ, ಇಲ್ಲವೇ ದೂರದಲ್ಲಿಯೇ ತಡೆದು ಹಿಂದಿರುಗಿಸುವ ವ್ಯವಸ್ಥೆ ಇರಬೇಕಾಗುತ್ತದೆ.

ಸಾಲ್ಟ್ ಲೇಕಿನ ದಾರಿಯೂ ಈಗ ಹಿಂದಿನಂತೆ ಉಳಿದಿಲ್ಲ. 2001ರಲ್ಲಿ ಕಲ್ಕತ್ತವು ಕೋಲ್ಕತ್ತ ಎಂದು ಹೆಸರನ್ನು ಬದಲಿಸಿಕೊಂಡಿತು. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳಿಗಾಗಿ ಕ್ರೀಡಾಂಗಣದಲ್ಲಿ ಕುರ್ಚಿಗಳನ್ನು ಹಾಕಿಸಿ, ಪ್ರೇಕ್ಷಕರ ಮಿತಿಯನ್ನು ತಗ್ಗಿಸಲಾಯಿತು. ಆ ವರ್ಷದ ಅಕ್ಟೋಬರ್ 28ರಂದು ನಡೆದ ಅಂತಿಮ ಪಂದ್ಯವನ್ನು 66,684 ಮಂದಿ ನೋಡಿದರು. ಇಂಗ್ಲೆಂಡಿನ ಬಾಲಕರು ಸ್ಪೇನಿನವರನ್ನು 5-2ರಿಂದ ಸೋಲಿಸಿದರು. 2020ರ ಫೆಬ್ರುವರಿಯಲ್ಲಿ ಮೆಟ್ರೋ ರೈಲು ಕ್ರೀಡಾಂಗಣದ ಬಾಗಿಲಿಗೆ ಬಂದಿತು. ಮೂವತ್ತಾರು ವರ್ಷ ಕಾದ ಮೇಲೆ ಬಂದ ರೈಲು ಅದು. ಅದು ಬಂದ ತಿಂಗಳೊಪ್ಪತ್ತಿನಲ್ಲಿಯೇ ಕೋವಿಡ್ ವ್ಯಾಧಿ ಹಬ್ಬಿ, ಕ್ರೀಡಾಂಗಣದ ಬಾಗಿಲುಗಳು ಮುಚ್ಚಿದುವು. ಕೋಲ್ಕತ್ತದ ತಂಡಗಳು ರಾಷ್ಟ್ರೀಯ ಲೀಗಿನ ಪಂದ್ಯಗಳನ್ನು ದೂರದ ಗೋವೆಗೆ ಹೋಗಿ ಆಡಬೇಕಾಯಿತು. ವಿಧಿಯ ಚೇಷ್ಟೆಯೆಂದರೆ ಇದೇ.

ರೈಲುಮಾರ್ಗವು ಹಂತಹಂತವಾಗಿ ಬೆಳೆದು, 2022ರಲ್ಲಿ ಸಿಯಾಲ್ದಾವನ್ನು ಮುಟ್ಟಿತು. 2024ರ ಮಾರ್ಚಿಯಲ್ಲಿ ಎಸ್‌ಪ್ಲನೇಡಿನಿಂದ ನದಿಯ ಅಡಿಯಲ್ಲಿ ಹಾದು ಹೌರಾ ಮೈದಾನದವರೆಗಿನ ಭಾಗ ತೆರೆಯಿತು. 2025ರ ಆಗಸ್ಟ್ 22ರಂದು ನಡುವಣ ತುಂಡೂ ಕೂಡಿಕೊಂಡು, ಹೌರಾದಿಂದ ಸಾಲ್ಟ್ ಲೇಕಿನವರೆಗೆ ಒಂದೇ ಮಾರ್ಗವಾಯಿತು. ಹೌರಾ, ಎಸ್‌ಪ್ಲನೇಡ್, ಸಿಯಾಲ್ದಾ: 1911ರ ಜನರು ಬಂದಿಳಿದಿದ್ದ ಆ ಹಳೆಯ ಹೆಸರುಗಳೇ ಈ ಹೊಸ ಮಾರ್ಗದ ನಿಲ್ದಾಣಗಳ ಹೆಸರುಗಳೂ ಆಗಿವೆ. ಹೂಗ್ಲಿ ಜಿಲ್ಲೆಯ ಹಳ್ಳಿಯವನೊಬ್ಬನು ಈಗ ಹೌರಾದಲ್ಲಿ ರೈಲಿನಿಂದ ಇಳಿದು, ಮೆಟ್ರೋ ಹತ್ತಿ, ಮಗಳನ್ನು ಜೊತೆಯಲ್ಲಿ ಕೂಡಿಸಿಕೊಂಡು ಕ್ರೀಡಾಂಗಣದ ಬಾಗಿಲಲ್ಲಿ ಇಳಿಯಬಹುದು. ಲಾರಿಯ ಹಂಗಿಲ್ಲ. ಅದೇ ಡಬ್ಬಿಯಲ್ಲಿ ಎದುರು ಪಕ್ಷದವನೂ ತನ್ನ ಬಾವುಟವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಾನೆ. ಅಂದಿನವರು ಉಗಿದೋಣಿಯಲ್ಲಿ ದಾಟಿದ್ದ ಹೂಗ್ಲಿ ನದಿಯನ್ನು ಈ ರೈಲು ನೀರಿನ ಕೆಳಗಿನಿಂದ ಸುಮಾರು ನಲವತ್ತೈದು ಸೆಕೆಂಡುಗಳಲ್ಲಿ ದಾಟುತ್ತದೆ.